ತೆಗೆದುಹಾಕಿದ ಸಾಲು

ಫೆಬ್ರವರಿ 3, ಸೋಮವಾರ

ಅರ್ಜಿ ಸಂಖ್ಯೆ ನಲವತ್ತೊಂದು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಳಿಸಿದೆ, ಒಂಬತ್ತು ಹದಿನಾಲ್ಕಕ್ಕೆ ಉತ್ತರ ಬಂತು. 'ನಿಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿದ ನಂತರ' ಎಂದು ಶುರು. ನಾಲ್ಕು ನಿಮಿಷದಲ್ಲಿ ಕೂಲಂಕಷ! ನನ್ನ ಹನ್ನೆರಡು ವರ್ಷದ ಕೆಲಸದ ವಿವರ ಓದುವುದಕ್ಕೆ ಕಣ್ಣಿದ್ದವರಿಗೆ ಹತ್ತು ನಿಮಿಷವಾದರೂ ಬೇಕು. ಓದಿದ್ದು ಮನುಷ್ಯರಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈ ದಿನಚರಿ ಮಗಳ ಒತ್ತಾಯ. "ಅಮ್ಮಾ, ನಮ್ಮ ಮೇಲೆ ರೇಗೋ ಬದಲು ಇದರಲ್ಲಿ ಬರಿ" ಎಂದು ತನ್ನ ಕಾಲೇಜಿನ ಅರ್ಧ ಖಾಲಿ ನೋಟ್ ಪುಸ್ತಕವನ್ನು ನನ್ನ ಮುಂದೆ ಕುಕ್ಕಿ ಹೋದಳು. ಮೊದಲ ಅರ್ಧದಲ್ಲಿ ಅವಳ ರಸಾಯನಶಾಸ್ತ್ರ, ಉಳಿದ ಅರ್ಧದಲ್ಲಿ ನನ್ನ ಹೊಟ್ಟೆಯುರಿ.

ಕಂಪನಿ ನಮ್ಮನ್ನು ಮನೆಗೆ ಕಳಿಸಿ ಐದು ತಿಂಗಳಾಯಿತು. ಕ್ಲಿನಿಕ್ಕುಗಳಲ್ಲಿ ಕತ್ತರಿ, ಸೂಜಿ, ಚಿಮಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರ ತಯಾರಿಸುವ ಕಂಪನಿ. ಆ ಯಂತ್ರಗಳ ಕೈಪಿಡಿ ಬರೆಯಲು ನಾವು ಎಂಟು ಜನ ಇದ್ದೆವು. ಈಗ ಕಂಪ್ಯೂಟರೇ ಕರಡು ಬರೆದುಕೊಡುತ್ತದಂತೆ, ತಿದ್ದಲು ಇಬ್ಬರು ಸಾಕಂತೆ. ಆ ಇಬ್ಬರಲ್ಲಿ ಒಬ್ಬಳು ನಾವೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ. ನಾನೇ ಕೆಲಸ ಕಲಿಸಿದವಳು. ಆರು ಜನರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ವಯಸ್ಸು ನಲವತ್ತೇಳು, ಸಂಬಳ ಎಲ್ಲರಿಗಿಂತ ಹೆಚ್ಚು. ಇನ್ನೇನು ಬೇಕು?

ಫೆಬ್ರವರಿ 5, ಬುಧವಾರ

ನಲವತ್ತೆರಡು.

ಇವರ ಅಕ್ಕ ಬಂದಿದ್ದರು. ಟೀ ಕುಡಿಯುತ್ತಾ ಕೇಳಿದರು: "ನೀನು ಮಾಡ್ತಿದ್ದಿದ್ದು ಏನು ಕೆಲಸ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ ನೋಡು."

"ಮಷೀನ್ ಕೊಂಡ್ಕೊಂಡಾಗ ಡಬ್ಬದಲ್ಲಿ ಒಂದು ಪುಸ್ತಕ ಬರುತ್ತಲ್ಲ ಅತ್ತಿಗೆ, ಅದನ್ನ ಬರೆಯೋದು."

"ಅಯ್ಯೋ, ಅದನ್ನ ಒಬ್ಬರು ಕೂತ್ಕೊಂಡು ಬರೀತಾರಾ? ಅದು ಮಷೀನ್ ಜೊತೇಲೇ ಹುಟ್ಟುತ್ತೆ ಅನ್ಕೊಂಡಿದ್ದೆ ಕಣೇ!"

ಇವರು ನಕ್ಕ ರಭಸಕ್ಕೆ ಟೀ ಮೂಗಿಗೆ ಹತ್ತಿತು. ಸಂಜೆಯವರೆಗೆ ಮಾತಾಡಿಸಲಿಲ್ಲ. ಇವರಿಗೇನು, ಕನ್ನಡಕದ ಅಂಗಡಿ. ಬೋರ್ಡು ನೋಡಿದರೆ ದಾರಿಯಲ್ಲಿ ಹೋಗುವವರಿಗೂ ಕೆಲಸ ಏನೆಂದು ಗೊತ್ತಾಗುತ್ತದೆ.

ಫೆಬ್ರವರಿ 10, ಸೋಮವಾರ

ನಲವತ್ತೈದು, ನಲವತ್ತಾರು. ಏನೂ ಇಲ್ಲ.

ಫೆಬ್ರವರಿ 14, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ. ಹೋದ ತಿಂಗಳು ನೀರು ಶುದ್ಧ ಮಾಡುವ ಯಂತ್ರದ ಕಂಪನಿಯೊಂದು 'ಪರೀಕ್ಷೆ' ಎಂದು ಒಂದು ಇಡೀ ಅಧ್ಯಾಯ ಬರೆಸಿಕೊಂಡಿತ್ತು. ನಾಲ್ಕು ದಿನ ಕೂತು ಬರೆದೆ. ಆಮೇಲೆ 'ಸದ್ಯಕ್ಕೆ ಈ ಹುದ್ದೆಯನ್ನು ಕೈಬಿಟ್ಟಿದ್ದೇವೆ' ಎಂದು ಎರಡು ಸಾಲು ಬರೆದು ಸುಮ್ಮನಾದರು. ಇವತ್ತು ಅವರ ವೆಬ್‌ಸೈಟ್ ನೋಡಿದರೆ ನನ್ನ ಅಧ್ಯಾಯ ಹಾಗೇ ಕೂತಿದೆ! ಒಂದು ಅಲ್ಪವಿರಾಮವನ್ನೂ ಬದಲಾಯಿಸಿಲ್ಲ. ಕದಿಯುವುದಕ್ಕೂ ಸೋಮಾರಿತನ.

ಫೋನ್ ಮಾಡಿದೆ. ಎತ್ತಿದವಳು "ಯಾವ ವಿಭಾಗ ಬೇಕು?" ಎಂದಳು. "ಕಳ್ಳತನದ ವಿಭಾಗ" ಎಂದೆ. ಇಟ್ಟುಬಿಟ್ಟಳು.

ಮಗಳು ಬಾಗಿಲ ಸಂದಿಯಿಂದ ಇಣುಕಿ, "ಬರ್ಕೊಮ್ಮಾ, ಬರ್ಕೊ" ಎಂದಳು.

ಫೆಬ್ರವರಿ 21, ಶುಕ್ರವಾರ

ಐವತ್ತೆರಡು ಅರ್ಜಿ ಆದಮೇಲೆ ಮೊದಲ ಒಳ್ಳೆಯ ಸುದ್ದಿ, ಅದೂ ಅರ್ಜಿ ಹಾಕದ ಕಡೆಯಿಂದ. ಗುಬ್ಬಿ ಫೋನ್ ಮಾಡಿದ್ದಳು.

"ಮೇಡಂ, ಯಾರಿಗೂ ಹೇಳ್ಬೇಡಿ. ಕಂಪ್ಯೂಟರ್ ಬರೆದ ಕರಡು ತಿದ್ದಿ ತಿದ್ದಿ ನಾವಿಬ್ರೂ ಸತ್ತೋಗ್ತಾ ಇದೀವಿ. ನಮ್ಮ ಮ್ಯಾನೇಜರ್ ಏಪ್ರಿಲ್‌ನಿಂದ ಒಬ್ಬರನ್ನ ಒಂದು ವರ್ಷಕ್ಕೆ ತಗೋತಾರಂತೆ. ನಿಮ್ಮ ಹೆಸರೇ ಹೇಳಿದಾರೆ."

"ಹೊರಗೆ ಹಾಕಿದವರೇ?"

"ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಕೋಬೇಡಿ ಮೇಡಂ. ಬನ್ನಿ ಅಷ್ಟೇ."

ಬರಬೇಕಂತೆ. ಹೋಗುವುದೇ? ಹೋಗದೆ ಏನು ಮಾಡಲಿ. ಆದರೂ ಅದು ಕೈಗೆ ಸಿಗುವ ತನಕ ಬೇರೆ ಅರ್ಜಿ ನಿಲ್ಲಿಸುವುದಿಲ್ಲ.

ಮಾರ್ಚ್ 4, ಮಂಗಳವಾರ

ಐವತ್ತೊಂಬತ್ತನೇ ಅರ್ಜಿಗೆ ಸಂದರ್ಶನಕ್ಕೆ ಕರೆದಿದ್ದರು. ಹೋಗಿ ಬಂದೆ. ಹೋಗಬಾರದಿತ್ತು.

ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪ್. ಹಳೇ ಗೋದಾಮು, ತಗಡಿನ ಮಾಡು, ನೆಲದ ತುಂಬ ಹೊಟ್ಟೆ ಬಿಚ್ಚಿಕೊಂಡು ಕೂತ ಯಂತ್ರಗಳು. ಮಾಲೀಕರು ಐವತ್ತು ದಾಟಿದ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು.

"ನಮಗೆ ದೊಡ್ಡ ಪುಸ್ತಕ ಬೇಡಮ್ಮ. ಮಷೀನ್ ಪಕ್ಕದಲ್ಲಿ ನೇತುಹಾಕೋ ಕಾರ್ಡ್ ಬೇಕು. ಒಂದು ಮಷೀನ್‌ಗೆ ಒಂದು ಕಾರ್ಡ್, ಅಷ್ಟೇ."

ಕಾರ್ಡು! ಇನ್ನೂರು ಪುಟದ ಕೈಪಿಡಿ ಬರೆದ ಕೈಗೆ ಕಾರ್ಡು. ಆದರೂ ಸಭ್ಯತೆಗೆಂದು ನನ್ನ ಮಾದರಿಯನ್ನು ತೆಗೆದು ಕೊಟ್ಟೆ. ಚಿಕ್ಕ ಹಬೆಯಂತ್ರದ ಕೈಪಿಡಿ. ಕಂಪನಿಯ ಬಹುಮಾನ ಬಂದಿದ್ದು ಅದಕ್ಕೇ. ಐವತ್ತೊಂಬತ್ತು ಕಡೆಗೂ ಅದನ್ನೇ ಲಗತ್ತಿಸಿದ್ದೇನೆ. ಮಾಲೀಕರು ನೋಡಿ, ಯಾರನ್ನೋ ಕೂಗಿದರು. ಅರವತ್ತರ ಹತ್ತಿರದ ಒಬ್ಬ ಮೆಕ್ಯಾನಿಕ್ ಬಂದ. ಬಟ್ಟೆಯಲ್ಲಿ ಕೈ ಒರೆಸಿಕೊಂಡು ಪುಸ್ತಕ ಮುಟ್ಟಿದ, ಪರಿವಿಡಿ ನೋಡದೆ ನೆಟ್ಟಗೆ ಮೂವತ್ತೊಂದನೇ ಪುಟ ತೆರೆದ.

"ಇದು ನೀವು ಬರೆದಿದ್ದಾ ಮೇಡಂ?"

"ಹೌದು" ಎಂದೆ. ಹೊಗಳುತ್ತಾನೆ ಅಂದುಕೊಂಡಿದ್ದೆ.

"ಈ ಮಷೀನ್ ಬಾಗಿಲು ನೀವು ಯಾವತ್ತಾದ್ರೂ ತೆಗೆದಿದೀರಾ?"

"ನಾನು ಬರೆಯೋಳು."

"ಅದೇ ಅನ್ಕೊಂಡೆ. ನೋಡಿ, ಒಂಬತ್ತನೇ ಹಂತ. 'ಹಸಿರು ದೀಪ ಹೊತ್ತಿದ ಕೂಡಲೇ ಬಾಗಿಲು ತೆರೆಯಿರಿ.' ದೀಪಕ್ಕೆ ಸುದ್ದಿ ಹೋಗೋದು ಒಂದು ಸಣ್ಣ ಕೊಳವೆಯಿಂದ. ಗಡಸು ನೀರು ಹಾಕಿದ್ರೆ ಅದರಲ್ಲಿ ಬಿಳಿ ಕರೆ ಕಟ್ಟಿ ದಾರಿ ಮುಚ್ಚುತ್ತೆ. ಒಳಗೆ ಹಬೆ ಇದ್ರೂ ದೀಪ ಹಸಿರು. ಒತ್ತಡ ತೋರಿಸೋ ಮೀಟರ್ ಮುಳ್ಳು ಸುಳ್ಳು ಹೇಳಲ್ಲ, ಅದಕ್ಕೆ ದಾರಿ ಬೇರೆ. ಮುಳ್ಳು ಸೊನ್ನೆಗೆ ಬಂದಿದೆಯಾ ನೋಡಿ ಅಂತ ಒಂದು ಮಾತು ಬೇಕಿತ್ತು. ಅದು ಇಲ್ಲ."

"ಎಂಜಿನಿಯರ್‌ಗಳು ಓದಿ ಸಹಿ ಹಾಕಿದ ಪುಸ್ತಕ ಇದು" ಎಂದೆ.

"ಇರಬಹುದು ಮೇಡಂ. ಸಹಿಗೆ ಹಬೆ ತಾಗಲ್ಲವಲ್ಲ. ಒಂದು ಕ್ಲಿನಿಕ್‌ನಲ್ಲಿ ಆಯಾಗೆ ತಾಗಿದೆ. ಅವಳ ಕೈ ನಾನೇ ನೋಡಿದೀನಿ."

ಪುಸ್ತಕ ಕಿತ್ತುಕೊಂಡವಳ ಹಾಗೆ ತೆಗೆದುಕೊಂಡು ಎದ್ದು ಬಂದೆ. ಯಾವನೋ ಸ್ಪ್ಯಾನರ್ ಹಿಡಿಯುವವನ ಹತ್ತಿರ ನಾನು ಪಾಠ ಹೇಳಿಸಿಕೊಳ್ಳಬೇಕೆ? ಅವರ ಕಾರ್ಡೂ ಬೇಡ, ಅವರ ಕೆಲಸವೂ ಬೇಡ.

ಮಾರ್ಚ್ 5, ಬುಧವಾರ

ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಆ ಮನುಷ್ಯ ಹೇಳಿದ್ದು ಸುಳ್ಳು ಎಂದು ನನಗೇ ಖಾತ್ರಿಯಾಗಲಿ ಎಂದು. ಹಳೆಯ ಕರಡುಗಳನ್ನೆಲ್ಲ ನಾನು ಎಸೆಯುವುದಿಲ್ಲ, ಅದೊಂದು ಚಟ.

ಮೂರನೇ ಕರಡು, ಮೂವತ್ತೊಂದನೇ ಪುಟ. 'ಹಸಿರು ದೀಪ ಹೊತ್ತಿದ ಮೇಲೆ ಮೀಟರಿನ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿ.' ಅಚ್ಚಾದ ಅಕ್ಷರ, ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ನನ್ನದೇ ಕೈಬರಹ: 'ತೆಗೆಯುವುದು. ಒಂದೇ ಪುಟದಲ್ಲಿ ಕೂರಬೇಕು. ದೀಪ ಸಾಕು.'

ಯಾರೂ ತೆಗೆಸಿಲ್ಲ. ನಾನೇ ತೆಗೆದಿದ್ದು. ಹತ್ತು ಹಂತ ಒಂದೇ ಪುಟದಲ್ಲಿ ಕೂತಿತು ಎಂದೇ ಬಹುಮಾನ ಬಂದಿದ್ದು.

ಮಾರ್ಚ್ 6, ಗುರುವಾರ

ತಲೆನೋವು. ಇವತ್ತು ಅರ್ಜಿ ಹಾಕಲಿಲ್ಲ.

ಮಾರ್ಚ್ 10, ಸೋಮವಾರ

ವರ್ಕ್‌ಶಾಪಿಗೆ ಫೋನ್ ಮಾಡಿ ಮೆಕ್ಯಾನಿಕ್‌ನನ್ನು ಕೇಳಿದೆ, ಆ ಕ್ಲಿನಿಕ್ ಎಲ್ಲಿದೆ ಎಂದು. ಬೈಯುತ್ತಾನೆ ಅಂದುಕೊಂಡಿದ್ದೆ. "ನಾಳೆ ಬೇಡ, ಇವತ್ತೇ ಬನ್ನಿ. ನಾನೂ ಆ ಕಡೆ ಹೋಗ್ತಿದೀನಿ" ಎಂದ.

ಹಲ್ಲಿನ ಕ್ಲಿನಿಕ್. ಮುಂದಿನ ಕೋಣೆಯಲ್ಲಿ ಸಾಲು ಕುರ್ಚಿ, ಹಿಂದಿನ ಕೋಣೆಯಲ್ಲಿ ಯಂತ್ರ. ಆಯಾ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದಳು. ನಲವತ್ತರ ಹೆಂಗಸು, ಬಿಗಿಯಾಗಿ ಕಟ್ಟಿದ ಕೂದಲು, ಉದ್ದ ತೋಳಿನ ರವಿಕೆ. ಮೆಕ್ಯಾನಿಕ್ ನನ್ನನ್ನು ತೋರಿಸಿ, "ಇವರು ಮಷೀನ್ ವಿಷಯ ಕೇಳಕ್ಕೆ ಬಂದಿದಾರೆ" ಎಂದ. ಅಷ್ಟೇ ಹೇಳಿ ಯಂತ್ರದ ಕಡೆ ಹೋದ. ಉಳಿದದ್ದು ನನಗೆ ಬಿಟ್ಟ.

ಆಕೆ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ತೋಳು ಮೇಲೆ ಮಾಡಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ನುಣ್ಣಗೆ, ಗುಲಾಬಿ ಬಣ್ಣಕ್ಕೆ, ಬೇರೆ ಯಾರದೋ ತೋಳಿನ ಹಾಗೆ.

"ಎಂಟು ತಿಂಗಳಾಯ್ತು. ಪುಸ್ತಕದಲ್ಲಿ ಇದ್ದ ಹಾಗೇ ಮಾಡ್ದೆ ಮೇಡಂ. ದೀಪ ಹಸಿರಾಯ್ತು, ಹಿಡಿ ತಿರುಗಿಸ್ದೆ. ಡಾಕ್ಟ್ರು ಪುಸ್ತಕ ತೆಗೆದು ನೋಡಿದ್ರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಹಾಗಾದ್ರೆ ತಪ್ಪು ನನ್ನದೇ ಅಲ್ವಾ? 'ನಿನಗೆ ಸರಿಯಾಗಿ ಓದಕ್ಕೆ ಬರಲ್ಲ' ಅಂದ್ರು. ಬರುತ್ತೆ ಮೇಡಂ. ನಾನು ಹತ್ತನೇ ಕ್ಲಾಸ್ ಪಾಸು."

"ಈಗ ಮಷೀನ್ ಯಾರು ನೋಡ್ತಾರೆ?"

"ಬೇರೆಯವಳು. ನನ್ನನ್ನ ನೆಲ ಒರೆಸಕ್ಕೆ ಹಾಕಿದಾರೆ. ಫೈಲ್‌ನಲ್ಲಿ 'ಅಜಾಗರೂಕತೆ' ಅಂತ ಬರೆದಿದಾರೆ. ಇನ್ನೊಂದು ಕಡೆ ಕೆಲಸ ಕೇಳಕ್ಕೆ ಹೋದ್ರೆ ಇಲ್ಲಿಗೆ ಫೋನ್ ಮಾಡಿ ವಿಚಾರಿಸ್ತಾರೆ. ಮೂರು ಕಡೆ ಆಯ್ತು, ಮೂರು ಕಡೇನೂ ಆಮೇಲೆ ಹೇಳ್ತೀವಿ ಅಂದ್ರು."

ಆ ಪುಸ್ತಕ ಬರೆದವಳು ನಾನೇ ಎಂದು ಹೇಳಲಿಲ್ಲ. ಬಾಯಿ ತೆರೆದೆ, "ನೋವು ಇದೆಯಾ?" ಎಂದು ಕೇಳಿ ಮುಚ್ಚಿದೆ.

"ಚಳಿ ಇದ್ದಾಗ ಎಳೆಯುತ್ತೆ" ಎಂದಳು.

ವಾಪಸ್ಸು ಬರುವಾಗ ಮೆಕ್ಯಾನಿಕ್ ದಾರಿಯುದ್ದಕ್ಕೂ ಬೇರೆ ಏನೋ ಮಾತಾಡಿದ. ಅವಳಿಗೆ ಹೇಳಿದಿರಾ ಎಂದು ಅವನು ಕೇಳಿದ್ದರೆ ವಾಸಿಯಿತ್ತು.

ಮಾರ್ಚ್ 12, ಬುಧವಾರ

ನಮ್ಮ ಹಳೆಯ ಮ್ಯಾನೇಜರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಹಳ ಮೆತ್ತಗೆ ಶುರುಮಾಡಿದರು.

"ನೋಡಿ, ನೀವು ಹೇಳ್ತಿರೋದು ಸರಿ ಇರಬಹುದು. ಆದ್ರೆ ಈಗ ಅದನ್ನ ಎತ್ತಿದ್ರೆ ವಕೀಲರು ಬರ್ತಾರೆ, ಮೇಲಿನವರು ಬರ್ತಾರೆ. ಏಪ್ರಿಲ್‌ನಲ್ಲಿ ನೀವು ಒಳಗೆ ಬರ್ತಿದೀರಲ್ಲ? ಮುಂದಿನ ಆವೃತ್ತಿಯಲ್ಲಿ ಆ ಸಾಲು ನೀವೇ ಸೇರಿಸಿಬಿಡಿ. ಯಾರಿಗೂ ತೊಂದ್ರೆ ಇಲ್ಲ."

"ಕೈ ಸುಟ್ಟುಕೊಂಡವರಿಗೆ?"

"ಅದು ಆಗಿಹೋಯ್ತಲ್ಲ. ಇನ್ನು ಮುಂದೆ ಆಗಬಾರದು ಅಂತ ತಾನೆ ನಿಮಗೂ ಬೇಕಿರೋದು?"

ಒಪ್ಪಿಕೊಳ್ಳುವಂಥ ಮಾತು. ಎಷ್ಟು ಒಪ್ಪಿಕೊಳ್ಳುವಂಥದ್ದು ಅಂದರೆ, ಫೋನ್ ಇಟ್ಟ ಮೇಲೆ ನಾನು ಎರಡು ಲೋಟ ನೀರು ಕುಡಿದೆ.

ಮಾರ್ಚ್ 17, ಸೋಮವಾರ

ಆದೇಶದ ಪತ್ರ ಬಂತು. ಏಪ್ರಿಲ್ ಒಂದರಿಂದ, ಒಂದು ವರ್ಷ. ಮಗಳು ನನ್ನ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಗಿರಗಿರ ತಿರುಗಿಸಿದಳು. ಮುಂದಿನ ಓದಿಗೆ ಬೇರೆ ಊರಿಗೆ ಹೋಗುವ ಆಸೆ ಅವಳಿಗೆ. ಆರು ತಿಂಗಳಿಂದ ಆ ಮಾತು ಎತ್ತಿರಲಿಲ್ಲ, ಇವತ್ತು ಎತ್ತಿದಳು. ಇವರು ಅಂಗಡಿಗೆ ಬಂದವರಿಗೆಲ್ಲ ಹೇಳಿದರಂತೆ. ಕಣ್ಣಿನ ಪರೀಕ್ಷೆಗೆ ಬಂದ ಅಜ್ಜಿಯೊಬ್ಬರು ನನಗೆ ಆಶೀರ್ವಾದ ಹೇಳಿ ಕಳಿಸಿದ್ದಾರಂತೆ.

ನಾನೂ ಕುಣಿದೆ. ಕುಣಿಯದೆ ಏನು?

ಮಾರ್ಚ್ 20, ಗುರುವಾರ

ಮೆಕ್ಯಾನಿಕ್‌ಗೆ ಫೋನ್ ಮಾಡಿ, ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ ಎಂದೆ. ಹೊಗಳಿಸಿಕೊಳ್ಳಬೇಕಿತ್ತೋ ಏನೋ.

"ಒಳ್ಳೇದಾಯ್ತು ಮೇಡಂ. ಆ ಹೊಸ ಪುಸ್ತಕ ಯಾರಿಗೆ ಹೋಗುತ್ತೆ?"

"ಮಷೀನ್ ತಗೊಂಡವರಿಗೆ."

"ಹೊಸ ಮಷೀನ್ ತಗೊಂಡವರಿಗೆ. ಹಳೇದು ಇರೋರಿಗೆ?"

ನನಗೆ ಗೊತ್ತಿಲ್ಲವೇ? ಹನ್ನೆರಡು ವರ್ಷ ಅದೇ ಕೆಲಸ ಮಾಡಿದವಳಿಗೆ ಗೊತ್ತಿಲ್ಲವೇ? ಹಳೆಯ ಯಂತ್ರ ಇರುವವರಿಗೆ ಯಾವ ಪುಸ್ತಕವೂ ಹೋಗುವುದಿಲ್ಲ. ಅವರು ಹಸಿರು ದೀಪ ನೋಡಿ ಹಿಡಿ ತಿರುಗಿಸುತ್ತಲೇ ಇರುತ್ತಾರೆ.

"ನಾನು ನೋಡೋ ಇಪ್ಪತ್ತಾರು ಮಷೀನ್‌ಗೆ ಚೀಟಿ ಅಂಟಿಸಿದೀನಿ. ನನ್ನ ಕೈಲಾಗಿದ್ದು ಅಷ್ಟು" ಎಂದರು.

ಮಾರ್ಚ್ 22, ಶನಿವಾರ

ಎಲ್ಲವನ್ನೂ, ಕಂಪನಿಗೆ ಬರೆದು ತಿಳಿಸಬೇಕೆಂದಿರುವುದನ್ನೂ ಇವರಿಗೆ ಹೇಳಿಬಿಟ್ಟೆ. ಅಂಗಡಿಗೇ ಹೋಗಿ ಹೇಳಿದೆ, ಮನೆಯಲ್ಲಾದರೆ ಮಗಳಿರುತ್ತಾಳೆ. ಗಿರಾಕಿ ಇರಲಿಲ್ಲ. ಇವರು ಫ್ರೇಮಿಗೆ ಗಾಜು ಕೂರಿಸುತ್ತಿದ್ದರು, ತಲೆಯೆತ್ತದೆ ಕೇಳಿಸಿಕೊಂಡರು.

"ರೀ, ಏನಾದ್ರೂ ಹೇಳ್ರೀ."

"ಏನು ಹೇಳ್ಲಿ? ಬೇಡ ಅಂದ್ರೆ ನೀನು ನಾಳೆ ನನ್ನ ಮುಖ ನೋಡಲ್ಲ. ಮಾಡು ಅಂದ್ರೆ ಮಗಳು ನೋಡಲ್ಲ." ಗಾಜು ಕೂತಿತು. ಬೆಳಕಿಗೆ ಹಿಡಿದು ನೋಡಿದರು. "ಒಂದ್ಸಲ ಒಬ್ಬರಿಗೆ ಎಡಗಣ್ಣಿಂದು ಬಲಕ್ಕೆ ಹಾಕಿ ಕೊಟ್ಟಿದ್ದೆ. ತಲೆಸುತ್ತು ಅಂತ ಎರಡು ತಿಂಗಳು ಡಾಕ್ಟರ ಹತ್ರ ತಿರುಗಿದಾರೆ ಪಾಪ. ನನಗೆ ಗೊತ್ತಾದ ದಿನ ಅವರ ಮನೆ ಬಾಗಿಲಿಗೆ ಹೋದೆ. ಅವರು ಬೈದಿದ್ದು ಒಂದೇ ಗಂಟೆ."

"ನನಗೆ ಹೋಗೋದು ಒಂದು ವರ್ಷದ ಕೆಲಸ."

"ಅದೇ ಮತ್ತೆ. ಅದಕ್ಕೇ ನಾನೇನೂ ಹೇಳ್ತಿಲ್ಲ."

ಇಂಥವರನ್ನು ಕಟ್ಟಿಕೊಂಡರೆ ತಲೆ ಚಚ್ಚಿಕೊಳ್ಳಲು ಗೋಡೆಯೂ ಸಿಗುವುದಿಲ್ಲ.

ಮಾರ್ಚ್ 25, ಮಂಗಳವಾರ

ಬರೆದೆ. ಒಂದು ಪುಟ. ನಾಲ್ಕು ದಿನ ಹಿಡಿಯಿತು.

'ನಿಮ್ಮ ಚಿಕ್ಕ ಹಬೆಯಂತ್ರದ ಕೈಪಿಡಿಯನ್ನು ಬರೆದವಳು ನಾನು. ಒಂಬತ್ತನೇ ಹಂತದಲ್ಲಿ ಮುಳ್ಳನ್ನು ನೋಡಬೇಕೆಂಬ ಸಾಲು ಇತ್ತು. ಪುಟ ಸಾಲದೆಂದು ಅದನ್ನು ತೆಗೆದವಳೂ ನಾನೇ. ಆ ಹಂತವನ್ನು ಪುಸ್ತಕದಲ್ಲಿದ್ದಂತೆಯೇ ಮಾಡಿದ ಒಬ್ಬರ ತೋಳು ಸುಟ್ಟಿದೆ. ತಪ್ಪು ಅವರದಲ್ಲ. ಯಂತ್ರ ಇರುವ ಪ್ರತಿಯೊಬ್ಬರಿಗೂ ಈ ವಿಷಯ ಕೂಡಲೇ ತಿಳಿಸಬೇಕು.' ಮೂರನೇ ಕರಡಿನ ಪ್ರತಿ ಲಗತ್ತಿಸಿದೆ, ಕೆಂಪು ಗೀಟಿನ ಸಮೇತ. ಒಂದು ಪ್ರತಿ ಕಂಪನಿಯ ದೂರು ವಿಭಾಗಕ್ಕೆ, ಒಂದು ಪ್ರತಿ ಆ ಕ್ಲಿನಿಕ್ಕಿನ ಡಾಕ್ಟರಿಗೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ, ರಸೀದಿ ಹಿಡಿದು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಧೈರ್ಯ ಅಂತ ಯಾರಾದರೂ ಅಂದರೆ ಸಿಟ್ಟು ಬರುತ್ತದೆ. ಇಪ್ಪತ್ತು ದಿನ ತಡ ಮಾಡಿದ್ದೇನೆ.

ಮಾರ್ಚ್ 28, ಶುಕ್ರವಾರ

ಮ್ಯಾನೇಜರ್ ಫೋನ್ ಮಾಡಲಿಲ್ಲ, ಮೂರು ಸಾಲು ಮೇಲ್ ಮಾಡಿದರು. ಆದೇಶ ರದ್ದು. ಇನ್ನು ಮುಂದೆ ಅರ್ಜಿಗಳಲ್ಲಿ ವಿಚಾರಣೆಗೆ ಅವರ ಹೆಸರು ಕೊಡಬಾರದಂತೆ.

ಗುಬ್ಬಿ ಫೋನ್ ಮಾಡಿದಳು. ಅಳುತ್ತಿದ್ದಳು. "ನನಗೆ ಒಂದು ಮಾತು ಹೇಳಬಾರದಿತ್ತಾ ಮೇಡಂ? ನಿಮ್ಮ ಪರವಾಗಿ ಮಾತಾಡಿದ್ದು ನಾನು. ಈಗ ನನ್ನನ್ನೂ ಕೂರಿಸಿ ಪ್ರಶ್ನೆ ಕೇಳ್ತಿದಾರೆ."

ಅವಳು ಹೇಳುವುದರಲ್ಲಿ ನ್ಯಾಯವಿದೆ. ನನಗದು ಹೊಳೆದೇ ಇರಲಿಲ್ಲ.

ಮಗಳಿಗೆ ಸಂಜೆ ಹೇಳಿದೆ. "ಒಳಗೆ ಹೋಗಿ ಆಮೇಲೆ ಹೇಳಬಹುದಿತ್ತಲ್ಲಮ್ಮ. ಒಂದು ತಿಂಗಳು ಕಾಯಕ್ಕೆ ಆಗ್ಲಿಲ್ವಾ?" ಎಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಲಿಲ್ಲ. ಜೋರಾಗಿ ಹಾಕಿದ್ದರೆ ಬೈಯಬಹುದಿತ್ತು.

ಮಾರ್ಚ್ 30, ಭಾನುವಾರ

ಮಗಳು ಮಾತಾಡುತ್ತಿಲ್ಲ. ನನಗೂ ಬರೆಯುವುದಕ್ಕೆ ಏನೂ ಇಲ್ಲ.

ಏಪ್ರಿಲ್ 3, ಗುರುವಾರ

ಪತ್ರದ ಇನ್ನೊಂದು ಪ್ರತಿ ತೆಗೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಆಯಾ ಹಿತ್ತಲ ಬಾಗಿಲ ಹತ್ತಿರ ಬಕೆಟ್ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡರು, ನಿಂತಲ್ಲೇ ಓದಿದರು. ಒಂದೊಂದೇ ಪದ, ಗಟ್ಟಿಯಾಗಿ. 'ತೆಗೆದವಳೂ ನಾನೇ' ಎನ್ನುವಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. ಮತ್ತೆ ಮುಂದುವರಿಸಿದರು. ನನ್ನ ಬರಹವನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿದ್ದನ್ನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

"ಅವತ್ತು ಬಂದಾಗಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ನನ್ನ ಕೈ ನೋಡಿ, ನೋವಿದೆಯಾ ಅಂತ ಕೇಳಿ ಹೋದ್ರಿ."

"ಹೌದು."

"ಒಂದು ಸಾಲಿಗೆ ಎಷ್ಟು ಜಾಗ ಬೇಕು ಮೇಡಂ?"

ನಾನು ಬೆರಳಿನಲ್ಲಿ ತೋರಿಸಿದೆ. ಇಷ್ಟು. ಅಕ್ಕಿಕಾಳಿನಷ್ಟು ಎತ್ತರ.

ಆಕೆ ಕ್ಷಮಿಸಿದೆ ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಡಾಕ್ಟ್ರ ಹತ್ರ ಹೋಗೋಣ ಬನ್ನಿ. ಬಾಯಲ್ಲೂ ಹೇಳಿ" ಎಂದರು.

ಹೋದೆವು. ಡಾಕ್ಟರ್ ಒಬ್ಬ ರೋಗಿಯ ಬಾಯಲ್ಲಿ ಕೈ ಇಟ್ಟುಕೊಂಡೇ ಕೇಳಿಸಿಕೊಂಡರು. ರೋಗಿ ಕಣ್ಣರಳಿಸಿ ಒಮ್ಮೆ ನನ್ನನ್ನು, ಒಮ್ಮೆ ಆಕೆಯನ್ನು ನೋಡುತ್ತಿದ್ದ. "ಪೋಸ್ಟ್ ಬಂದಿದೆ, ನೋಡೋಣ" ಎಂದರು ಡಾಕ್ಟರ್.

"ನೋಡೋಣ ಅಲ್ಲ ಸಾರ್," ಎಂದರು ಆಯಾ. "ಫೈಲ್ ತರ್ಲಾ?"

ಏಪ್ರಿಲ್ 9, ಬುಧವಾರ

ಎರಡು ಅರ್ಜಿ ಹಾಕಿದ್ದೆ, ಒಂದಕ್ಕೆ ಉತ್ತರ ಬಂತು. ಇಲ್ಲ ಎಂದೇ. ವರ್ಕ್‌ಶಾಪಿನ ಮಾಲೀಕರಿಗೆ ಫೋನ್ ಮಾಡಿದೆ. ಎತ್ತುವವರೆಗೂ ಇಡೋಣವೇ ಎಂದುಕೊಳ್ಳುತ್ತಲೇ ಇದ್ದೆ.

"ಆ ಕಾರ್ಡ್ ಕೆಲಸ ಇನ್ನೂ ಇದೆಯಾ?"

"ಅವತ್ತು ಮುಖ ಊದಿಸ್ಕೊಂಡು ಹೋದ್ರಲ್ಲಮ್ಮ."

"ಹೋದೆ."

"ಇದೆ. ಇಬ್ಬರು ಬಂದು ಬಿಟ್ಟುಹೋದ್ರು. ಮಷೀನ್ ಮುಟ್ಟಲ್ಲ ಅಂತಾರೆ, ಕೂತಲ್ಲೇ ಬರೀತೀವಿ ಅಂತಾರೆ. ನನ್ನ ಹತ್ರ ಅದು ನಡೆಯಲ್ಲ. ಬರೆಯೋ ಪ್ರತಿಯೊಂದನ್ನೂ ಮೊದಲು ನೀವೇ ಮಾಡಬೇಕು. ಮೂರು ತಿಂಗಳು ನೋಡೋಣ, ಆಮೇಲೆ ಏನೂ ಮಾತು ಕೊಡಲ್ಲ. ನಿಮ್ಮ ಹಳೇ ಸಂಬಳದ ಕನಸೂ ಬೇಡ."

ಕನಸು ಬಿದ್ದರೆ ತಿಳಿಸುತ್ತೇನೆ ಎಂದೆ. ನಕ್ಕರು.

ಮಗಳಿಗೆ ಹೇಳಿದೆ. "ಕಾರ್ಡಾ?" ಎಂದಳು. ಆಮೇಲೆ, "ಗ್ಲೌಸ್ ಕೊಡ್ತಾರಾ?" ಎಂದಳು. ಹನ್ನೆರಡು ದಿನದ ಮೇಲೆ ಎರಡು ಮಾತು.

ಏಪ್ರಿಲ್ 17, ಗುರುವಾರ

ಕೈಗೆ ಎರಡು ಗುಳ್ಳೆ, ಬೆನ್ನು ನೋವು, ಹಳೇ ಚಪ್ಪಲಿಯ ಮೇಲೆ ಎಣ್ಣೆ. ಮೆಕ್ಯಾನಿಕ್ ಹೇಳಿಕೊಡುತ್ತಾ ನನ್ನ ಕೈಯಲ್ಲಿ ಆರು ಸಲ ಕೊಳವೆ ಬಿಚ್ಚಿಸಿದರು. ಏಳನೇ ಸಲ ನಾನೇ ಬಿಚ್ಚಿದೆ. "ಪರವಾಗಿಲ್ಲ, ಹೋದ ವಾರಕ್ಕಿಂತ ಕಡಿಮೆ ಶಾಪ ಹಾಕಿದ್ರಿ" ಎಂದರು.

ಕಂಪನಿಯ ಎಚ್ಚರಿಕೆ ಪತ್ರ ಎಲ್ಲ ಕ್ಲಿನಿಕ್ಕುಗಳಿಗೂ ಬಂದಿದೆ. ಮೆಕ್ಯಾನಿಕ್ ಒಂದು ತಂದುಕೊಟ್ಟರು. ಓದಿ ಮೈ ಪರಚಿಕೊಳ್ಳುವಂತಾಯಿತು. 'ಬಳಕೆದಾರರ ಸುರಕ್ಷತೆಗೆ ಅತ್ಯುನ್ನತ ಆದ್ಯತೆ ನೀಡುವ ನಮ್ಮ ಬದ್ಧತೆಯ ಭಾಗವಾಗಿ' ಎಂದು ಶುರುವಾಗಿ, ಮುಳ್ಳು ಬರುವುದು ಎರಡನೇ ಪುಟದ ಕೆಳಗೆ! ಅಷ್ಟು ದೂರ ಓದುವವರು ಯಾರು? ಕಂಪನಿಯವರಿಗೆ ಯಾರಾದರೂ ಹೇಳಬಾರದೇ?

ಮೆಕ್ಯಾನಿಕ್ ಅಂದರು: "ಬಂತಲ್ಲ ಮೇಡಂ. ನಮ್ಮ ಚೀಟಿ ಕಿತ್ತುಹಾಕ್ತಿದ್ದ ಒಂದೆರಡು ಡಾಕ್ಟ್ರು ಇವತ್ತು ತಾವೇ ಫೋನ್ ಮಾಡಿ ಚೀಟಿ ಕೇಳಿದ್ರು."

ಏಪ್ರಿಲ್ 29, ಮಂಗಳವಾರ

ಮೊದಲ ಕಾರ್ಡು ಮುಗಿಯಿತು. ಹಲ್ಲಿನ ಕ್ಲಿನಿಕ್ಕಿಗೆ ತೆಗೆದುಕೊಂಡು ಹೋದೆ, ಪರೀಕ್ಷೆಗೆ.

ಆಯಾ ಈಗ ಮತ್ತೆ ಹಿಂದಿನ ಕೋಣೆಯಲ್ಲಿದ್ದಾರೆ. ಫೈಲಿನಲ್ಲಿ 'ಅಜಾಗರೂಕತೆ' ಹೊಡೆದುಹಾಕಿ ಪಕ್ಕದಲ್ಲಿ ಡಾಕ್ಟರ್ ಸಹಿ ಮಾಡಿದ್ದಾರೆ. ಅಳಿಸಿಲ್ಲ, ಹೊಡೆದುಹಾಕಿದ್ದಾರೆ, ಕೆಳಗಿನ ಅಕ್ಷರ ಕಾಣುತ್ತದೆ ಎಂದು ಆಕೆಗೆ ಇನ್ನೂ ಸಿಟ್ಟು. ನನಗೂ ಅನ್ನಿಸಿತು, ಸಿಟ್ಟು ಬರಬೇಕಾದ್ದೇ.

ನಾನು ಯಂತ್ರ ನಡೆಸಿದೆ, ಆಕೆ ಕಾರ್ಡು ಓದಿದರು. ಹಸಿರು ದೀಪ ಹೊತ್ತಿತು. ನನ್ನ ಕೈ ತಾನಾಗಿಯೇ ಹಿಡಿಯ ಕಡೆ ಹೋಯಿತು.

"ಮುಳ್ಳು" ಎಂದರು.

ಮುಳ್ಳು ಇನ್ನೂ ಸೊನ್ನೆಗೆ ಬಂದಿರಲಿಲ್ಲ. ಕೂದಲೆಳೆಯಷ್ಟು ಮೇಲಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು. ಬಂತು. ಹಿಡಿ ತಿರುಗಿಸಿದೆ, ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು, ಅಷ್ಟೇ. ಹನ್ನೆರಡು ವರ್ಷ ಇದರ ಬಗ್ಗೆ ಬರೆದಿದ್ದೆ, ಆ ಬಾಗಿಲು ಅಷ್ಟು ಭಾರ ಎಂದು ಗೊತ್ತಿರಲಿಲ್ಲ.

'ನಿಷ್ಕಾಸ' ಎಂಬ ಪದ ಹೊಡೆಸಿದರು. "ಇದು ಯಾರಿಗೆ ಅರ್ಥ ಆಗುತ್ತೆ? ಹಬೆ ಹೊರಗೆ ಹೋಗೋ ತೂತು ಅನ್ನಿ." ಅಂದೆ. ಬರೆದೆ. ಆಮೇಲೆ ಕಾರ್ಡನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು.

"ಇದನ್ನ ಬರೆದಿದ್ದು ಯಾರು ಅಂತ ಎಲ್ಲೂ ಇಲ್ಲವಲ್ಲ."

"ಇಂಥದಕ್ಕೆಲ್ಲ ಬರೆದವರ ಹೆಸರು ಹಾಕಲ್ಲ."

"ಯಾಕೆ?"

ಯಾಕೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಹಾಕಿ ಮೇಡಂ. ಏನಾದ್ರೂ ತಪ್ಪಿದ್ರೆ ಯಾರನ್ನ ಕೇಳಬೇಕು ಅಂತ ನಮಗೆ ಗೊತ್ತಾಗಬೇಕಲ್ಲ."

ಕಾರ್ಡಿನ ಕೆಳಗೆ ಪೆನ್ನಿನಲ್ಲಿ ನನ್ನ ಹೆಸರು ಬರೆದೆ. ಪಕ್ಕದಲ್ಲಿ ಫೋನ್ ನಂಬರ್. ಆಕೆ ತೋಳು ಚಾಚಿ ದೂರಕ್ಕೆ ಹಿಡಿದು ನೋಡಿದರು, ತಲೆಯಾಡಿಸಿದರು, ವಾಪಸ್ಸು ಕೊಟ್ಟರು.

"ಇಲ್ಲಿಂದ ಕಾಣಲ್ಲ. ದೊಡ್ಡದಾಗಿ ಬರೀರಿ."